ಇಲ್ಲದ ನಾಲ್ಕು ಅಂಕಣ

ಕನಸಿನಲ್ಲಿ ಮನೆ ಕಂಡರೆ ಒಳ್ಳೆಯದೋ ಕೆಟ್ಟದ್ದೋ ಎಂದು ಧರ್ಮಪ್ಪ ಯಾರನ್ನೂ ಕೇಳಲಿಲ್ಲ. ಕೇಳಿದವರು ಕೆಟ್ಟದ್ದು ಎಂದುಬಿಟ್ಟರೆ ಆಮೇಲೆ ಮಾಡುವುದೇನು? ಆ ಬೇಸಿಗೆಯಲ್ಲಿ ಅವನು ಕಣ್ಣು ಮುಚ್ಚಿದರೆ ಸಾಕು, ಮನೆಗಳು ಬರುತ್ತಿದ್ದವು. ಹೆಂಚಿನ ಮನೆ, ಮಾಳಿಗೆ ಮನೆ, ಬಾಗಿಲು ತೆರೆದಿಟ್ಟ ಮನೆ, ಬೀಗ ಜಡಿದ ಮನೆ. ನೆಲದಿಂದ ಒಂದು ಗೇಣು ಮೇಲೆ ತೇಲಿಕೊಂಡು ಬಂದು, ಮದುವೆಯಲ್ಲಿ ಫೋಟೋಕ್ಕೆ ನಿಂತ ನೆಂಟರ ಹಾಗೆ ಸಾಲಾಗಿ ನಿಲ್ಲುತ್ತಿದ್ದವು. ಅವನ ಕೈಯಲ್ಲೊಂದು ಕ್ಯಾಮೆರಾ ಇರುತ್ತಿತ್ತು. ಯಾವ ಕ್ಯಾಮೆರಾ ಎಂದು ಬಗ್ಗಿ ನೋಡಿಕೊಳ್ಳುವಷ್ಟರಲ್ಲಿ ಎಚ್ಚರವಾಗಿಬಿಡುತ್ತಿತ್ತು.

“ಇವತ್ತು ಎಷ್ಟು ಮನೆ ಮಾರಿದ್ರಿ?” ಎಂದು ಹೆಂಡತಿ ದುರ್ಗಮ್ಮ ಕೇಳುತ್ತಿದ್ದಳು. ನಿದ್ದೆಯಲ್ಲಿ ಅವನು ಮಾತಾಡುತ್ತಿದ್ದನಂತೆ.

ಧರ್ಮಪ್ಪ ಶಿಕಾರಿಪುರದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವವನು. ಹಗಲು ಏಣಿ ಹತ್ತಿ ಬಣ್ಣ ಬಳಿದು, ಸಂಜೆ ಕೈಕಾಲು ತೊಳೆದುಕೊಂಡು ವಯಸ್ಕರ ತರಗತಿಗೆ ಹೋಗಿ ಓದು ಬರಹ, ಒಂದಿಷ್ಟು ಇಂಗ್ಲಿಷು ಕಲಿತಿದ್ದ. ಕಲಿತದ್ದು ಸರಿಯಾಗಿ ತಲೆಗೆ ಹತ್ತಿದೆಯೋ ಇಲ್ಲವೋ ಎಂಬ ಅಳುಕು ಮಾತ್ರ ಹೋಗಿರಲಿಲ್ಲ. ಬೋರ್ಡು ಬರೆದು ಮುಗಿಸಿ ಮನೆಗೆ ಬಂದವನು ಒಂದು ಕೊಂಬು ಬಿಟ್ಟೆನೇನೋ ಎಂದು ಮತ್ತೆ ಅದೇ ಬೀದಿಗೆ ಹೋಗಿ, ಅಂಗಡಿಯವನಿಗೆ ಕಾಣದಂತೆ ದೂರ ನಿಂತು ಓದಿಕೊಂಡು ಬರುತ್ತಿದ್ದ. ಅಕ್ಷರ ಸರಿಯಾಗಿಯೇ ಇರುತ್ತಿತ್ತು. ಆದರೂ ಹೋಗುತ್ತಿದ್ದ.

ಇಂಥವನ ತಲೆಗೆ ಕ್ಯಾಮೆರಾ ಹೊಗಿಸಿದವನು ಮನೆ ದಲ್ಲಾಳಿ ಸದಾಶಿವಪ್ಪ. ಹಿಂದಿನ ವರ್ಷ ಸೊರಬದ ಕಡೆ, ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು, ಜನ ಜ್ವರ ಹಿಡಿದು ಮಲಗಿದ್ದರು. ಮಂಗನ ಕಾಯಿಲೆ ಎಂಬ ಹೆಸರು ಕೇಳಿದ್ದೇ ಹೊರಗಿನವರು ಸೊರಬದ ದಿಕ್ಕಿಗೆ ತಲೆ ಹಾಕುವುದನ್ನೇ ಬಿಟ್ಟರು. ಮಾರಾಟದ ಮನೆಗಳು ಹಾಗೇ ಉಳಿದವು.

“ಜನ ಮನೆ ಹತ್ರ ಬರಲ್ಲ ಅಂದ್ರೆ ಮನೇನೇ ಜನರ ಹತ್ರ ಕಳಿಸೋದು,” ಎಂದ ಸದಾಶಿವಪ್ಪ. “ಫೋಟೋ ಕಣೋ ಧರ್ಮ. ನಿಂಗೆ ಗೆರೆ ನೆಟ್ಟಗೆ ಎಳೆಯೋಕೆ ಬರ್ತೈತೆ, ಕೈ ನಡುಗಲ್ಲ. ಒಂದು ಕ್ಯಾಮೆರಾ ನೋಡ್ಕೋ. ಮೊದಲನೇ ಮನೆ ಫೋಟೋ ಚೆನ್ನಾಗಿ ಬಂತೋ, ಈ ಎರಡು ತಾಲ್ಲೂಕಿನ ಮನೆಯೆಲ್ಲ ನಿನಗೇ. ಬರಲಿಲ್ವೋ, ಶಿವಮೊಗ್ಗದಿಂದ ಯಾರನ್ನಾದ್ರೂ ಕರೆಸ್ತೀನಿ.”

ಕೈ ನಡುಗದಿದ್ದರೂ ಎದೆ ನಡುಗುತ್ತದೆ ಎಂದು ಧರ್ಮಪ್ಪ ಹೇಳಲಿಲ್ಲ. ಅವನಿಗೆ ಆ ಕೆಲಸ ಬೇಕಾಗಿತ್ತು. ಏಣಿಯ ಮೇಲೆ ನಿಂತು ಬೇರೆಯವರ ಹೆಸರು ಬರೆದು ಬರೆದು, ನೆಲದ ಮೇಲೆ ಕಾಲೂರಿ ಮಾಡುವ ಕೆಲಸವೊಂದು ತನಗೂ ಸಿಕ್ಕೀತೇ ಎಂದು ಎಷ್ಟೋ ದಿನದಿಂದ ಆಸೆಪಟ್ಟಿದ್ದ.

ಊರಿನಲ್ಲಿ ಫೋಟೋ ಸ್ಟುಡಿಯೋ ಇದ್ದದ್ದು ವಲೀಸಾಬರದು. ಕಣ್ಣು ಮಂಜಾಗುತ್ತಿದೆಯೆಂದು ಅವರು ತಮ್ಮ ಕ್ಯಾಮೆರಾಗಳನ್ನು ಒಂದೊಂದಾಗಿ ವಿಲೇವಾರಿ ಮಾಡುತ್ತಿದ್ದರು. ಉಳಿದಿದ್ದವು ಮೂರು. ಧರ್ಮಪ್ಪ ಹೋದಾಗ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಕರಿ ಡಬ್ಬಿಯಂಥದು. ಇನ್ನೊಂದು ಮಡಿಚುವಂಥದು, ಗುಂಡಿ ಒತ್ತಿದರೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮುಂದಕ್ಕೆ ಬಾಯಿ ಚಾಚುತ್ತಿತ್ತು. ಮೂರನೆಯದು ಮರದ ದೊಡ್ಡ ಪೆಟ್ಟಿಗೆ, ಕರಿ ಮುಸುಕು ಹೊದ್ದದ್ದು; ಅದಕ್ಕೆ ಅಗಲ ಲೆನ್ಸು.

“ಯಾವುದು ತಗೊಳ್ಳಲಿ ಸಾಬ್ರೇ?”

“ಮೊದ್ಲು ಕಾಲು ತಗೋ ಬೇಟಾ. ಕಣ್ಣು ಆಮೇಲೆ.” ವಲೀಸಾಬರು ಮೂಲೆಯಲ್ಲಿದ್ದ ಮೂರು ಕಾಲಿನ ಸ್ಟ್ಯಾಂಡು ತೋರಿಸಿದರು. “ಮನುಷ್ಯರಾದ್ರೆ ಬಿಸಿಲಿಗೆ ಕರ್ಕೊಂಡು ಬಂದು ನಿಲ್ಲಿಸ್ತೀವಿ. ಮನೇನ ಎಲ್ಲಿಗೆ ಕರ್ಕೊಂಡು ಬರ್ತೀಯಾ? ಅದರ ಹೊಟ್ಟೇಲಿ ಕತ್ತಲೆ. ಕ್ಯಾಮೆರಾ ಕಣ್ಣು ಬಿಟ್ಕೊಂಡು ಅಳ್ಳಾಡದಂಗೆ ಬಹಳ ಹೊತ್ತು ನೋಡ್ಬೇಕು.”

“ಎಷ್ಟು ಹೊತ್ತು?”

“ಎಲೆ ಒರಸು, ತೊಟ್ಟು ಮುರಿ, ಸುಣ್ಣ ಹಚ್ಚು, ಅಡಿಕೆ ಇಡು, ಮಡಚು, ಬಾಯಿಗೆ ಹಾಕ್ಕೋ. ಅಷ್ಟು ಹೊತ್ತು. ಮೋಡ ಇದ್ರೆ ಇನ್ನೊಂದು ಎಲೆ.”

“ನಾನು ಎಲೆ ಅಡಿಕೆ ಹಾಕಲ್ಲ ಸಾಬ್ರೇ.”

“ಸುಳ್ಳೇ ಮಡಚು! ಎಲೆ ಇಲ್ಲ ಅಂತ ಕ್ಯಾಮೆರಾಕ್ಕೇನು ಗೊತ್ತಾಗ್ತದೆ?”

ಧರ್ಮಪ್ಪ ಡಬ್ಬಿಯನ್ನೇ ಆರಿಸಿದ. ಅದರಲ್ಲಿ ತಿರುಗಿಸುವುದಕ್ಕೆ ಏನೂ ಇರಲಿಲ್ಲ. ತಿರುಗಿಸುವುದಿಲ್ಲದಿದ್ದರೆ ತಪ್ಪುವುದೂ ಇಲ್ಲ ಎಂಬುದು ಅವನ ಲೆಕ್ಕ. ಒಂದು ಕೊಂಡಿ ಎಳೆದು ಗುಂಡಿ ಒತ್ತಿದರೆ, ಮತ್ತೆ ಒತ್ತುವ ತನಕ ಕಣ್ಣು ತೆರೆದೇ ಇರುತ್ತಿತ್ತು. “ಮೊದಲು ಇಟ್ಕೊಂಡು ನೋಡು, ಬೇಡಾದ್ರೆ ಬದಲಾಯಿಸು,” ಎಂದರು ವಲೀಸಾಬರು.

ಮೊದಲನೆಯ ಮನೆ ಸೊರಬದ ಪೇಟೆ ಬೀದಿಯ ತುಂಗಮ್ಮನದು. ಅವಳ ಗಂಡನಿಗೆ ಅಂಜನಾಪುರದ ಅಣೆಕಟ್ಟಿನ ನೀರು ಹರಿಯುವ ಕಡೆ ಗದ್ದೆ ಸಿಕ್ಕಿತ್ತು. ಆತ ಆಗಲೇ ಅಲ್ಲಿ ಬಿಡಾರ ಹೂಡಿದ್ದ. ಮನೆ ಮಾರಿ ಅವಳೂ ಹೋಗುವವಳಿದ್ದಳು. ಕೊಳ್ಳಬೇಕೆಂದಿದ್ದವನು ದಾವಣಗೆರೆಯ ಜವಳಿ ವ್ಯಾಪಾರಿ ಪರಮಶಿವಪ್ಪ. ಸೊರಬದಲ್ಲಿ ಅಂಗಡಿ ಇಟ್ಟು ತಾಯಿ, ತಮ್ಮಂದಿರ ಸಮೇತ ಬಂದು ನೆಲೆಸುವ ಯೋಚನೆ ಅವನದು. ಮಂಗನ ಕಾಯಿಲೆ ತಣ್ಣಗಾದ ಮೇಲೆ ಬರುತ್ತೇನೆ, ಅಲ್ಲಿಯ ತನಕ ಪಟ ತೋರಿಸಿ ಎಂದಿದ್ದ.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಧರ್ಮಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟ್ಯಾಂಡನ್ನು ಎರಡು ಕಾಲಿನ ನಡುವೆ ಹಿಡಿದುಕೊಂಡು ಕೂತ. ಸೊರಬದಲ್ಲಿ ಇಳಿದು ಮನೆ ಮುಟ್ಟಿದಾಗ, ಬಾಗಿಲಲ್ಲಿ ನಿಂತಿದ್ದ ತುಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಎಂತದಾ ತಮ್ಮಾ ಅದು? ಮೂರು ಕಾಲಿನ ಕುರಿ ಹೊಡ್ಕೊಂಡು ಬಂದಂಗೆ ಬಂದೀಯಲ್ಲ!”

“ಮನೆ ಫೋಟೋ ತೆಗೆಯೋದಕ್ಕೆ ಅಕ್ಕಾ.”

“ತೆಗಿ, ತೆಗಿ. ಇದ್ದದ್ದು ಇದ್ದಂಗೆ ತೆಗಿ. ನನ್ನ ಮಾತ್ರ ತೆಗೀಬೇಡ, ನಾ ಮಾರಾಟಕ್ಕಿಲ್ಲ.”

ಒಳಗೆ ಉದ್ದನೆಯ ಪಡಸಾಲೆ, ಒಂದೇ ಸಾಲಿನಲ್ಲಿ ಆರು ಮರದ ಕಂಬ. ಈ ಕಡೆ ಮನೆಯನ್ನು ಯಾರೂ ಅಡಿ ಗಜದಲ್ಲಿ ಹೇಳುವುದಿಲ್ಲ. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಎಷ್ಟು ಅಂಕಣ ಎಂದರೆ ಮನೆ ಎಷ್ಟು ದೊಡ್ಡದು ಎಂದು ತಿಳಿಯಿತು. ತುಂಗಮ್ಮನದು ಐದಂಕಣದ ಮನೆ. ನಡುವಿನ ಅಂಕಣದ ಮೇಲೆ, ಹೆಂಚಿನ ಸಾಲಿನಲ್ಲಿ ಒಂದು ಗಾಜಿನ ಹೆಂಚು ಕೂರಿಸಿದ್ದರು. ಅದರಿಂದ ಬೆಳಕು ಇಳಿದು ನೆಲದ ಮೇಲೆ ತೊಟ್ಟಿಯಲ್ಲಿ ನಿಂತ ನೀರಿನಂತೆ ನಿಂತಿತ್ತು.

ಡಬ್ಬಿಯ ಕಿಂಡಿಯಲ್ಲಿ ನೋಡಿದರೆ ಒಂದು ಅಂಕಣ ಹಿಡಿಸುತ್ತಿತ್ತು, ಅಷ್ಟೇ. ಹಿಂದೆ ಸರಿಯೋಣವೆಂದರೆ ಗೋಡೆ. ಧರ್ಮಪ್ಪ ಬಹಳ ಹೊತ್ತು ಯೋಚಿಸಿದ. ಕೊನೆಗೆ ಒಂದೊಂದು ಅಂಕಣಕ್ಕೆ ಒಂದೊಂದು ಫೋಟೋ ಎಂದು ತೀರ್ಮಾನಿಸಿದ. ಬೋರ್ಡಿನಲ್ಲಿ ಅರ್ಧ ಅಕ್ಷರ ಬರೆದು ಬಿಡುವುದುಂಟೇ? ಹಾಗೆಯೇ ಕಂಬವನ್ನು ಅರ್ಧಕ್ಕೆ ಕತ್ತರಿಸಬಾರದು. ಪ್ರತಿ ಫೋಟೋದಲ್ಲೂ ಎಡಕ್ಕೊಂದು ಪೂರಾ ಕಂಬ, ಬಲಕ್ಕೊಂದು ಪೂರಾ ಕಂಬ, ಅದರಾಚೆ ಒಂದಿಷ್ಟು ಜಾಗ ಬರುವಂತೆ ಸ್ಟ್ಯಾಂಡು ಸರಿಸಿ ಸರಿಸಿ ಇಟ್ಟ.

ಗುಂಡಿ ಒತ್ತಿ, ಇಲ್ಲದ ಎಲೆಯನ್ನು ಪಂಚೆಗೆ ಒರಸಿ, ಇಲ್ಲದ ಸುಣ್ಣ ಹಚ್ಚಿದ. ಆ ಹೊತ್ತಿನಲ್ಲಿ ಮನೆ ಉಸಿರು ಬಿಗಿಹಿಡಿದಂತಿತ್ತು. ಬೀದಿಯ ಸದ್ದು ಎಲ್ಲಿಯೋ ಹಿಂದೆ ಉಳಿಯಿತು. ಬೆಳಕಿನಲ್ಲಿ ಧೂಳಿನ ಕಣಗಳು ಮೇಲೂ ಹೋಗದೆ ಕೆಳಗೂ ಬರದೆ ತೂಗುತ್ತಿದ್ದವು. ಅಷ್ಟರಲ್ಲಿ ತುಂಗಮ್ಮ ಮೊರ ಹಿಡಿದು ಕ್ಯಾಮೆರಾದ ಎದುರೇ ಸರಸರ ಹಾದುಹೋದಳು.

“ಅಯ್ಯೋ ಅಕ್ಕಾ!”

“ನಿಂದು ಮುಗಿಯೋ ತನಕ ಅಕ್ಕಿ ಆರಿಸದೆ ಕೂರಲಾ? ಉಣ್ಣೋದು ಬೇಡ್ವಾ?”

ಎಲ್ಲ ಕೆಟ್ಟಿತು ಎಂದುಕೊಂಡೇ ಅವನು ಶಿಕಾರಿಪುರಕ್ಕೆ ಬಂದದ್ದು. ಆದರೆ ವಲೀಸಾಬರು ತೊಳೆದು ಕೊಟ್ಟ ಫೋಟೋಗಳಲ್ಲಿ ತುಂಗಮ್ಮ ಇರಲೇ ಇಲ್ಲ. ಕಂಬ ಇತ್ತು, ಗೋಡೆ ಇತ್ತು, ಬೆಳಕಿತ್ತು. ನಡೆದುಹೋದ ಹೆಂಗಸು ಮಾತ್ರ ಇಲ್ಲ. “ನಿಲ್ಲದೆ ಇರೋರನ್ನ ಅದು ನೋಡಲ್ಲ,” ಎಂದರು ವಲೀಸಾಬರು. ಧರ್ಮಪ್ಪನಿಗೆ ಮೈ ಜುಮ್ಮೆಂದಿತು. ಆಮೇಲೆ ಸಮಾಧಾನವೂ ಆಯಿತು. ಅಷ್ಟು ಒಳ್ಳೆಯ ಫೋಟೋ ತನ್ನ ಕೈಯಿಂದ ಬಂದೀತೆಂದು ಅವನು ನಂಬಿರಲಿಲ್ಲ.

ಸದಾಶಿವಪ್ಪ ಅವನ್ನು ದಾವಣಗೆರೆಗೆ ಕಳಿಸಿದ. ಅಂಕಣ ಎಷ್ಟು ಎಂದು ಅವನು ಹೇಳಿರಲಿಲ್ಲ. ಅಳತೆ ಮೊದಲೇ ಹೇಳಿದರೆ ನೋಡುವ ಮುಂಚೆಯೇ ಜನ ಬೇಡ ಅನ್ನುತ್ತಾರೆ ಎಂಬುದು ಅವನ ಅನುಭವ.

ಕೆಲವು ದಿನದ ಮೇಲೆ ಪರಮಶಿವಪ್ಪ ತಾನೇ ಶಿಕಾರಿಪುರಕ್ಕೆ ಬಂದ. ಧರ್ಮಪ್ಪನಿಗೂ ಕರೆ ಹೋಯಿತು. ಸದಾಶಿವಪ್ಪನ ಜಗಲಿಯ ಮೇಲೆ ದಪ್ಪ ಮೈಯ, ನಗುಮುಖದ ಪರಮಶಿವಪ್ಪ ಚಾಪೆ ತುಂಬ ಫೋಟೋ ಹರಡಿಕೊಂಡು ಕೂತಿದ್ದ.

“ಬರ್ರಿ, ಬರ್ರಿ. ಎಂಥಾ ಪಟ ತೆಗ್ದೀರ್ರಿ! ನಮ್ಮ ಮನ್ಯಾಗ ಎಲ್ಲಾರೂ ಕುಂತು ಹಿಂಗ ಸಾಲಾಗಿ ಜೋಡ್ಸಿ ನೋಡಿದ್ವಿ. ಹತ್ತು ಕಂಬ! ಒಂಬತ್ತಂಕಣದ ಮನಿ! ಈ ಕಡಿ ಎರಡು ನನ್ನ ದೊಡ್ಡ ತಮ್ಮಗ, ಆ ಕಡಿ ಎರಡು ಸಣ್ಣಾವಗ. ಬೆಳಕು ಬಿದ್ದೈತಲ್ಲ, ಇದು ನಮ್ಮವ್ವಂದು. ಅವ್ವ ಪಟ ನೋಡಿದ್ದೇ ಬೆರಳಿಟ್ಟು, ಇಲ್ಲಿ ನಾ ಕುಂತ್ಕೋತೀನಿ ಅಂದ್ಲು.”

ಧರ್ಮಪ್ಪ ಚಾಪೆಯನ್ನು ನೋಡಿದ. ಫೋಟೋದ ಪಕ್ಕ ಫೋಟೋ ಅಂಚಿಗೆ ಅಂಚು ತಾಗಿಸಿ ಇಟ್ಟಿದ್ದರು. ಒಂದು ಫೋಟೋದ ಬಲಗಡೆಯ ಕಂಬವೇ ಮುಂದಿನದರ ಎಡಗಡೆಯ ಕಂಬ. ಒಂದೇ ಕಂಬ ಎರಡೆರಡು ಸಲ ನಿಂತಿತ್ತು; ಆ ಎರಡರ ನಡುವೆ, ಅವನು ಕಂಬದಾಚೆ ಬಿಟ್ಟಿದ್ದ ಚೂರು ಚೂರು ಜಾಗ ಸೇರಿಕೊಂಡು, ಇಕ್ಕಟ್ಟಿನ ಒಂದೊಂದು ಹೊಸ ಅಂಕಣ ಹುಟ್ಟಿತ್ತು. ನಾಲ್ಕು ಕಡೆ ಜೋಡಣೆ, ನಾಲ್ಕು ಅಂಕಣ. ಯಾರೂ ಕಟ್ಟದ, ಯಾರೂ ಗುಡಿಸದ ಅಂಕಣಗಳು. ನೋಡುತ್ತ ನೋಡುತ್ತ ಅವು ಅವನಿಗೂ ನಿಜವೆನ್ನಿಸತೊಡಗಿದವು. ಅಲ್ಲಿ ಒಂದು ತೊಟ್ಟಿಲು ತೂಗುತ್ತಿರುವಂತೆ, ಯಾರೋ ಮಗ್ಗುಲಾಗಿ ಮಲಗಿರುವಂತೆ ಕಂಡಿತು. ಪರಮಶಿವಪ್ಪನ ತಮ್ಮಂದಿರ ಮಕ್ಕಳು ಆಗಲೇ ಅಲ್ಲಿ ಓಡಾಡುತ್ತಿದ್ದರು.

ಅವನು ಸದಾಶಿವಪ್ಪನ ಮುಖ ನೋಡಿದ. ಸದಾಶಿವಪ್ಪನಿಗೆ ಗೊತ್ತಾಗಿತ್ತು. “ಒಂದು ನಿಮಿಷ ಬಾರೋ ಇಲ್ಲಿ,” ಎಂದು ಅವನನ್ನು ಗೋಡೆಯ ಮರೆಗೆ ಎಳೆದೊಯ್ದ.

“ಒಂಬತ್ತು ಅಂತ ನಾನು ಹೇಳಿದ್ನಾ? ನೀನು ಹೇಳಿದ್ಯಾ? ಅವರೇ ಎಣಿಸಿಕೊಂಡ್ರು. ಬಾಯಿ ಮುಚ್ಕೊಂಡಿರು.”

“ಫೋಟೋ ಹೇಳ್ತಲ್ಲ ಸದಾಶಿವಣ್ಣ. ಅದು ನಂದು.”

“ಫೋಟೋ ಸುಳ್ಳು ಹೇಳಿಲ್ಲ ಕಣೋ! ಒಂದೊಂದೂ ಖರೇನೇ.”

ಅದೂ ನಿಜವೇ. ಒಂದೊಂದಾಗಿ ನೋಡಿದರೆ ಯಾವುದರಲ್ಲೂ ಸುಳ್ಳಿಲ್ಲ. ತಪ್ಪು ಯಾರದು? ಎಣಿಸಿದವರದೇ, ಜೋಡಿಸಿದವರದೇ, ಕಂಬ ಕತ್ತರಿಸಬಾರದೆಂದು ಹಟ ಹಿಡಿದ ತನ್ನದೇ? ಈಗ ಬಾಯಿ ಬಿಟ್ಟರೆ ಶಿವಮೊಗ್ಗದಿಂದ ಇನ್ನೊಬ್ಬ ಬರುತ್ತಾನೆ, ತಾನು ಮತ್ತೆ ಏಣಿ ಹತ್ತುತ್ತೇನೆ. ಬಿಡದಿದ್ದರೆ? ಬಿಡದಿದ್ದರೆ ಒಂದು ದಿನ ಆ ಮುದುಕಿ, ಗಂಡುಮಕ್ಕಳು, ಸೊಸೆಯಂದಿರು ಗಂಟುಮೂಟೆ ಹೊತ್ತು ತುಂಗಮ್ಮನ ಬಾಗಿಲು ದಾಟಿ, ತಮ್ಮ ತಮ್ಮ ಅಂಕಣ ಹುಡುಕುತ್ತ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಆ ನಡಿಗೆ ಅವನ ಕಣ್ಣಿಗೆ ಕಟ್ಟಿತು.

ಅವನು ಜಗಲಿಗೆ ಬಂದು ಚಾಪೆಯ ಮುಂದೆ ಮೊಣಕಾಲೂರಿದ. ಎರಡನೆಯ ಫೋಟೋವನ್ನು ಎತ್ತಿ ಮೊದಲನೆಯದರ ಮೇಲೆ, ಕಂಬದ ಮೇಲೆ ಕಂಬ ಕೂರುವಂತೆ ಸರಿಸಿ ಇಟ್ಟ. ಮೂರನೆಯದನ್ನು ಎರಡನೆಯದರ ಮೇಲೆ. ಹಾಗೆಯೇ ಕೊನೆಯ ತನಕ. ಚಾಪೆಯ ಉದ್ದಕ್ಕೂ ಕಾಲು ಚಾಚಿ ಮಲಗಿದ್ದ ಮನೆ ಎಲ್ಲರ ಕಣ್ಣೆದುರೇ ಕಾಲು ಮಡಚಿಕೊಂಡು ಚಿಕ್ಕದಾಯಿತು.

“ಐದಂಕಣ ರೀ,” ಎಂದ ಧರ್ಮಪ್ಪ. “ನಾನು ಒಂದೇ ಕಂಬಾನ ಎರಡು ಸಲ ತೆಗೆದಿದ್ದೀನಿ. ತಪ್ಪಾಯ್ತು.”

ಪರಮಶಿವಪ್ಪ ಫೋಟೋಗಳ ಮೇಲೆ ಬಗ್ಗಿ ಕೇಳಿದ: “ಹಂಗಾದ್ರ ನಮ್ಮವ್ವಂದು ಉಳೀತೇನ್ರಿ?”

“ಉಳೀತು. ಅದು ಇದ್ದದ್ದೇ. ನಡುಮಧ್ಯದ್ದು.”

“ತಮ್ಮಂದಿರದು ಹೋತು ನೋಡ್ರಿ!” ಎಂದು ಅವನು ನಕ್ಕ. ಆದರೆ ಆ ನಗುವಿನಲ್ಲಿ ಮೊದಲಿನ ಬಿಸಿ ಇರಲಿಲ್ಲ. ಎದ್ದು ಟೋಪಿ ಹಾಕಿಕೊಂಡ. “ಐದು ಸಾಕೋ ಸಾಲದೋ ಮನ್ಯಾಗ ಕೇಳ್ಬೇಕ್ರಿ. ಒಂದು ಕೆಲ್ಸ ಮಾಡ್ರಿ. ಜೋಡ್ಸೋದು ಗೀಡ್ಸೋದು ಬ್ಯಾಡ. ಇಡೀ ಪಡಸಾಲಿ ಒಂದ ಪಟದಾಗ ಬರ್ಲಿ. ಆವಾಗ ಹೇಳ್ತೀನಿ.”

ಅವನು ಹೋದ ಮೇಲೆ ಸದಾಶಿವಪ್ಪ ಬೈದದ್ದನ್ನೆಲ್ಲ ಬರೆಯುವ ಹಾಗಿಲ್ಲ. “ಹೋಗು, ಆ ಸಾಬ್ರ ದೊಡ್ಡ ಪೆಟ್ಟಿಗೆ ತಗೊಂಡು ಹೋಗು. ಇದೇ ಕೊನೇ ಸಲ,” ಎಂಬುದು ಕಟ್ಟಕಡೆಯ ಮಾತು.

ವಲೀಸಾಬರು ಮರದ ಕ್ಯಾಮೆರಾಕ್ಕೆ ಅಗಲ ಲೆನ್ಸು ಸಿಕ್ಕಿಸಿ ಅವನನ್ನು ಮುಸುಕಿನೊಳಗೆ ಕಳಿಸಿದರು. ಹಿಂಬದಿಯ ಮಂಜು ಗಾಜಿನ ಮೇಲೆ ಆ ಸಣ್ಣ ಸ್ಟುಡಿಯೋ ತಲೆಕೆಳಗಾಗಿ ತೇಲುತ್ತಿತ್ತು. ನೆಲ ಆಕಾಶವಾಗಿತ್ತು. ಕುರ್ಚಿಗಳು ಅದರಿಂದ ಜೋತುಬಿದ್ದಿದ್ದವು. ಒಂದು ಮೂಲೆಯಿಂದ ಇನ್ನೊಂದು ಮೂಲೆ ಊರಾಚೆ ಇರುವಷ್ಟು ದೂರ. ನಾಲ್ಕು ಜನ ಕೂತರೆ ಮೊಣಕೈ ತಾಗುವ ಕೋಣೆ ಅರಮನೆಯ ಸಭೆಯಾಗಿತ್ತು. ಧರ್ಮಪ್ಪ ಮುಸುಕಿನೊಳಗೇ ಉಳಿದುಬಿಟ್ಟ. ಇಷ್ಟು ಚೆಂದದ ಜಾಗದಲ್ಲಿ ಅವನು ಎಂದೂ ನಿಂತಿರಲಿಲ್ಲ. ತುಂಗಮ್ಮನ ಪಡಸಾಲೆ ಇದರಲ್ಲಿ ಹೇಗೆ ಕಂಡೀತು! ಐದೇ ಅಂಕಣ, ಸುಳ್ಳಿಲ್ಲ. ಆದರೆ ಒಂದೊಂದು ಅಂಕಣ ಒಂದೊಂದು ಬಯಲು.

“ನಿದ್ದೆ ಹೋದ್ಯಾ ಬೇಟಾ?”

ಅವನು ಹೊರಗೆ ಬಂದ. ಕೋಣೆ ಮತ್ತೆ ಮೊದಲಿನಷ್ಟೇ ಆಗಿತ್ತು, ಮೊದಲಿಗಿಂತ ಚಿಕ್ಕದಾಗಿಯೇ ಕಂಡಿತು. ಹಾಗೆ ಕುಗ್ಗಿದ್ದು ಅವನಿಗೆ ನೋವು ಕೊಟ್ಟಿತು.

“ಇದು ಬೇಡ ಸಾಬ್ರೇ. ಇದರಲ್ಲಿ ನೋಡಿ ಕೊಂಡವರು ಮನೆಯೊಳಗೆ ಕಾಲಿಟ್ಟ ದಿನ ಅಳ್ತಾರೆ. ಆ ಮಡಿಚೋದು ಕೊಡಿ.”

“ಅದರಲ್ಲಿ ಎಲ್ಲಾ ಕಂಬ ಹೆಂಗೆ ಹಿಡಿಸ್ತೀಯಾ?”

“ಗೊತ್ತಿಲ್ಲ,” ಎಂದ ಧರ್ಮಪ್ಪ. ಅದು ನಿಜವಾಗಿತ್ತು.

ತುಂಗಮ್ಮ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಳು. “ಗಾರೆ ಇಲ್ಲ, ಮರ ಇಲ್ಲ, ನಾಲ್ಕಂಕಣ ಹೆಚ್ಚಿಗೆ ಕಟ್ಟಿದ್ಯಲ್ಲೋ ತಮ್ಮಾ! ನನ್ನ ಮದುವೇಲಿ ನೀ ಇದ್ದಿದ್ರೆ ಊಟಕ್ಕೆ ಜಾಗ ಸಾಲದೆ ಜಗಳ ಆಗ್ತಿರಲಿಲ್ಲ.”

ಅವನು ಕ್ಯಾಮೆರಾ ಹಿಡಿದು ಪಡಸಾಲೆಯ ಉದ್ದಕ್ಕೂ ನಡೆದ. ಎದುರು ನಿಂತರೆ ಒಂದೂವರೆ ಅಂಕಣ. ಬಾಗಿಲಾಚೆ ನಿಂತರೂ ಅಷ್ಟೇ. ಕೊನೆಗೆ ಸೋತು, ಪಡಸಾಲೆಯ ಒಂದು ತುದಿಯ ಗೋಡೆಗೆ ಒರಗಿ ಕೂತ. ಕೂತಲ್ಲಿಂದ ತಲೆ ಎತ್ತಿದರೆ, ಆರೂ ಕಂಬ ಒಂದರ ಹಿಂದೆ ಒಂದು ಕೊಂಚ ಕೊಂಚ ಮುಖ ತೋರಿಸುತ್ತ, ದೂರ ಹೋದಂತೆ ಚಿಕ್ಕದಾಗುತ್ತ, ಬಾವಿಗೆ ನೀರಿಗೆ ಹೊರಟ ಹೆಂಗಸರ ಸಾಲಿನ ಹಾಗೆ ನಿಂತಿದ್ದವು. ಇದುವರೆಗೆ ಅವನು ಮನೆಯ ಎದುರಿಗೆ ನಿಂತು ನೋಡಿದ್ದ. ಮನೆಯ ಉದ್ದಕ್ಕೆ ನೋಡಿರಲಿಲ್ಲ. ಅಲ್ಲಿಯೇ ಸ್ಟ್ಯಾಂಡು ಇಟ್ಟ.

ಕಿಂಡಿಯಲ್ಲಿ ಕಣ್ಣಿಟ್ಟು ಎಣಿಸಿದ. ಏಳು.

ಮತ್ತೆ ಎಣಿಸಿದ. ಗಾಜಿನ ಹೆಂಚಿನಿಂದ ಇಳಿದ ಬೆಳಕು ಮರದ ಕಂಬಗಳ ನಡುವೆ, ಅಷ್ಟೇ ದಪ್ಪ, ಅಷ್ಟೇ ನೆಟ್ಟಗೆ, ಬಿಳಿ ಕಂಬವಾಗಿ ನಿಂತಿತ್ತು. ಇದನ್ನೂ ಎಣಿಸಿದರೆ? ಆರಂಕಣ ಎಂದರೆ? ಒಂದು ಗೋಣಿ ತಾಟು ತಂದು ಹೆಂಚು ಮುಚ್ಚಿಬಿಡಲೇ? ಮುಚ್ಚಿದರೆ ಆ ಮುದುಕಿ ಬೆರಳಿಟ್ಟ ಬೆಳಕೇ ಹೋಗುತ್ತದೆ. ಇದ್ದದ್ದನ್ನು ಇಲ್ಲ ಎಂದು ತೋರಿಸಿದಂತಾಗುತ್ತದೆ. ಇಲ್ಲದ್ದನ್ನು ತೋರಿಸಿದ್ದೇ ಸಾಕಾಗಿತ್ತು.

“ಅಕ್ಕಾ,” ಎಂದ ಅವನು. “ಆ ಬೆಳಕಲ್ಲಿ ಸ್ವಲ್ಪ ಕೂರ್ತೀರಾ? ಕಂಬ ಆದ್ರೆ ಅದರೊಳಗೆ ಮನುಷ್ಯರು ಕೂರೋಕಾಗಲ್ಲ. ನೋಡಿದವರಿಗೆ ಬೆಳಕು ಅಂತ ತಿಳೀತದೆ.”

“ನನ್ನ ತೆಗೀಬೇಡ ಅಂದಿದ್ನಲ್ಲ.”

“ಅಳ್ಳಾಡಬಾರದು. ಒಂದು ಎಲೆ ಮಡಚೋಷ್ಟು ಹೊತ್ತು.”

ತುಂಗಮ್ಮ ಗೊಣಗುತ್ತ ಹೋಗಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಳು. ಧರ್ಮಪ್ಪ ಗುಂಡಿ ಒತ್ತಿದ. ಬೆಳಕು ಅವಳ ನರೆತ ಬೈತಲೆಯ ಮೇಲೆ, ಹೆಗಲ ಮೇಲೆ, ಮೊರದ ಅಕ್ಕಿಯ ಮೇಲೆ ಸದ್ದಿಲ್ಲದೆ ಸುರಿಯಿತು. ಅವಳು ಕದಲಲಿಲ್ಲ. ಮೊದಲ ಸಲವೋ ಎಂಬಂತೆ ತನ್ನ ಮನೆಯನ್ನು ಕೂತಲ್ಲಿಂದಲೇ ನೋಡುತ್ತಿದ್ದಳು. ಕೈಬೆರಳು ಮಾತ್ರ ತಮ್ಮ ಪಾಡಿಗೆ ಕಲ್ಲು ಹುಡುಕುತ್ತಿದ್ದವು.

“ಆಯ್ತು ಅಕ್ಕಾ.”

“ಆಯ್ತಾ?” ಎಂದಳು. ಆದರೂ ಏಳಲಿಲ್ಲ.

ಈ ಸಲ ಧರ್ಮಪ್ಪ ಫೋಟೋವನ್ನು ತಾನೇ ಪರಮಶಿವಪ್ಪನ ಕೈಗೆ ಕೊಟ್ಟ. ಸದಾಶಿವಪ್ಪ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಪರಮಶಿವಪ್ಪ ಬೆರಳಿಟ್ಟು ಕಂಬ ಎಣಿಸಿದ. ಬೆಳಕಿನ ಹತ್ತಿರ ಬಂದಾಗ ಬೆರಳು ನಿಂತಿತು.

“ಈಯಮ್ಮ ಮನಿ ಜೋಡಿ ಬರ್ತಾಳೇನ್ರಿ?”

“ಇಲ್ಲ ರೀ. ಅವರು ಅಂಜನಾಪುರಕ್ಕೆ ಹೋಗ್ತಾರೆ. ಅವರೊಬ್ಬರನ್ನ ಬಿಟ್ಟು ಉಳಿದದ್ದೆಲ್ಲ ಅಲ್ಲೇ ಇರ್ತದೆ.”

ಪರಮಶಿವಪ್ಪನ ಬೆರಳು ಬೆಳಕನ್ನು ಬಿಟ್ಟು ಮುಂದಿನ ಕಂಬಕ್ಕೆ ಹೋಯಿತು. “ಆರು ಕಂಬ. ಐದಂಕಣ,” ಎಂದ. ಫೋಟೋವನ್ನು ಒಂದಿಷ್ಟು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. “ಸಣ್ಣದ ಆತು. ತಮ್ಮಂದಿರಿಗೆ ಬ್ಯಾರೆ ನೋಡ್ಬೇಕು. ಅವ್ವಗ ಮಾತ್ರ ಇದ ಬೇಕಾಗ್ತೈತಿ, ನಂಗ ಗೊತ್ತು. ಮುಂದಿನ ಸಂತಿ ಆದ ಮ್ಯಾಲ ಆಕೀನ ಕರ್ಕೊಂಡು ಬರ್ತೀನಿ. ಮಂಗ ಇರ್ಲಿ, ಹುಲಿ ಇರ್ಲಿ, ಆಕಿ ಕೇಳಂಗಿಲ್ಲ.”

ಅವನು ಫೋಟೋವನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಬಸ್ಸಿನ ಕಡೆ ನಡೆದ. ಸದಾಶಿವಪ್ಪ ಬೀದಿ ನೋಡುತ್ತ ಕೂತ.

“ತಮ್ಮಂದಿರಿಗೆ ಬೇರೆ ನೋಡ್ಬೇಕಂತೆ,” ಎಂದ ಕೊನೆಗೆ. “ಈಸೂರಲ್ಲಿ ಒಂದೈತೆ. ನಾಳೆ ಹೋಗಿ ಬಾ. ಈ ಸಲ ಮೊದಲು ಎಷ್ಟು ಅಂಕಣ ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದು, ಆಮೇಲೆ ಫೋಟೋ ತೆಗಿ. ಹೆಂಗೂ ಬೋರ್ಡು ಬರೆಯೋನೇ ಅಲ್ವಾ ನೀನು?”

“ಗೋಡೆ ಮೇಲೆ ಬರೆದ್ರೆ ಮನೆಯವರು ಏನಂತಾರೆ ಸದಾಶಿವಣ್ಣ?” ಎಂದು ಧರ್ಮಪ್ಪ ನಿಜವಾಗಿಯೇ ಚಿಂತೆಯಿಂದ ಕೇಳಿದ. ಸದಾಶಿವಪ್ಪ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಧರ್ಮಪ್ಪನ ಮನಸ್ಸು ಆಗಲೇ ಈಸೂರಿನ ಹಾದಿ ಹಿಡಿದಿತ್ತು. ಆ ಮನೆಯ ಪಡಸಾಲೆ ಯಾವ ದಿಕ್ಕಿಗೆ ಇದೆಯೋ, ಬೆಳಕು ಎಲ್ಲಿಂದ ಇಳಿಯುತ್ತದೋ, ಒರಗಿ ಕೂರಲು ತುದಿಯಲ್ಲೊಂದು ಗೋಡೆ ಇದೆಯೋ ಇಲ್ಲವೋ ಎಂದು ಯೋಚಿಸುತ್ತ, ಅವನು ಮಡಿಚಿದ ಕ್ಯಾಮೆರಾವನ್ನು ಕಂಕುಳಲ್ಲಿ ಇರುಕಿಕೊಂಡು ಬಿಸಿಲಿಗೆ ಇಳಿದ.